ಬೆಳಗಾದರೆ ಮಂಗಳವಾರ

ಮೊದಲು ಸೀಟಿ. ಊದುವವನ ಉಸಿರು ಮುಗಿಯುವವರೆಗೆ ಎಳೆದ ಸೀಟಿ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಕಿಟಕಿಯ ಮೇಲಿನ ಗುಬ್ಬಿ ಕೂಡ ಸುಮ್ಮನಾಗುತ್ತಿತ್ತು. ಆಮೇಲೆ ನೆಲದ ಹೊಟ್ಟೆಯೊಳಗಿಂದ ಎದ್ದು ಬಂದಂತೆ ‘ಢಮ್’. ನನ್ನ ಟೈಪ್‌ರೈಟರಿನ ಪುಟ್ಟ ಗಂಟೆ, ಸಾಲು ಮುಗಿಯದಿದ್ದರೂ, ತಾನಾಗಿಯೇ ‘ಟಿಣ್’ ಎನ್ನುತ್ತಿತ್ತು. ಗೋಡೆಯ ಮೇಲಿನ ದಿನದ ಕ್ಯಾಲೆಂಡರ್ ಮೊಳೆಯಿಂದ ಜಾರಿ ಕೆಳಗೆ ಬೀಳುತ್ತಿತ್ತು.

ಶಹಾಪುರದ ಕಡೆ ಕೃಷ್ಣೆಯ ನೀರಿಗಾಗಿ ಬಂಡೆ ಸಿಡಿಸಿ ಕಾಲುವೆ ತೋಡುತ್ತಿದ್ದ ವರ್ಷಗಳು ಅವು. ನಾನು ಕಾಲುವೆ ಕಚೇರಿಯ ಇಂಗ್ಲಿಷ್ ಟೈಪಿಸ್ಟ್. ಬಿದ್ದ ಕ್ಯಾಲೆಂಡರನ್ನು ನಮ್ಮ ಜವಾನ ಮತ್ತೆ ತೂಗುಹಾಕುವಾಗ ಅವನ ಹೆಬ್ಬೆರಳಿಗೆ ಸಿಕ್ಕಷ್ಟು ಹಾಳೆ ಹರಿದು ಬರುತ್ತಿದ್ದವು. ಹೀಗಾಗಿ ನಮ್ಮ ಕಚೇರಿ ಆಗಾಗ ಊರಿಗಿಂತ ಒಂದು ದಿನ ಮುಂದೆ ಇರುತ್ತಿತ್ತು. ಒಮ್ಮೆ ಇನ್ನೂ ಬಾರದ ತಾರೀಖು ಹಾಕಿ ಪತ್ರ ಟೈಪ್ ಮಾಡಿದ್ದೆ. ಸಾಹೇಬರು ಸಹಿ ಮಾಡಿಯೂ ಕೊಟ್ಟರು. ಸರ್ಕಾರಿ ಕೆಲಸ ಯಾವತ್ತಾದರೂ ತಾರೀಖಿಗಿಂತ ಮುಂಚೆ ಆಗಿದ್ದಿದ್ದರೆ ಆ ಒಂದು ದಿನ ಮಾತ್ರ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ನಮ್ಮ ಮನೆಯ ಕ್ಯಾಲೆಂಡರ್ ಬಿತ್ತು. ಈ ಸಲ ಯಾರೂ ಬಂಡೆ ಸಿಡಿಸಲಿಲ್ಲ. ಮೊಳೆಗೆ ವಯಸ್ಸಾಗಿತ್ತು, ಅಷ್ಟೆ. ಎತ್ತಿಕೊಂಡಾಗ ನನ್ನದೊಂದು ಹ್ಯಾಬಿಟ್ ನನಗೇ ಕಣ್ಣಿಗೆ ಬಿತ್ತು. ನಾನು ಹಾಳೆ ಹರಿಯುವುದು ಬೆಳಗಿನ ಚಹಾ ಆದ ಮೇಲೆಯೇ. ರಾತ್ರಿ ಎಷ್ಟು ಹೊತ್ತು ಎಚ್ಚರವಿದ್ದರೂ ಮುಟ್ಟುವುದಿಲ್ಲ. ಎದುರು ಮನೆಯವರು ಟಿವಿ ಆರಿಸಿ ಮಲಗುವ ಮುಂಚೆ ಹರಿಯುತ್ತಾರೆ. ಅವರು ನನಗಿಂತ ಅರ್ಧ ರಾತ್ರಿ ಮುಂದೆ. ನಿಮ್ಮ ಮನೆಯಲ್ಲಿ ಹೇಗೋ ನನಗೆ ಗೊತ್ತಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಯೇ.

ಇದು ನಮ್ಮ ಅವ್ವನಿಂದ ಬಂದದ್ದು. ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ನಮ್ಮ ಮನೆ. ಅವ್ವ ಬಾಗಿಲು ತೆಗೆದು ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ದಿನ ಹುಟ್ಟುತ್ತಿತ್ತು. ಅಲ್ಲಿಯವರೆಗೆ ನಡೆದದ್ದೆಲ್ಲ ನಿನ್ನೆಯ ಲೆಕ್ಕ. ನಸುಕಿನಲ್ಲಿ ಬಿದ್ದ ಕನಸೂ ನಿನ್ನೆಯದು, ನಸುಕಿನಲ್ಲಿ ಕೆಮ್ಮಿದ ಕೆಮ್ಮೂ ನಿನ್ನೆಯದು. ನಾನು ಹುಟ್ಟಿದ್ದು ಸರಿಯಾಗಿ ಆ ಹೊತ್ತಿನಲ್ಲಿ, ಅಂಗಳಕ್ಕೆ ಇನ್ನೂ ನೀರು ಬಿದ್ದಿರದಾಗ. ಆದ್ದರಿಂದ ಅವ್ವನ ಪ್ರಕಾರ ನಾನು ಸೋಮವಾರದವಳು.

ಗುಲಬರ್ಗದ ಕಾನ್ವೆಂಟಿಗೆ ನನ್ನನ್ನು ಸೇರಿಸಲು ಹೋದಾಗ ಅಪ್ಪ ತಾರೀಖು ಹೇಳಿದರು. ಸಿಸ್ಟರ್ ಒಬ್ಬರು ಯಾವುದೋ ಹಳೆಯ ತಖ್ತೆ ನೋಡಿ, ‘ಟ್ಯೂಸ್‌ಡೇ’ ಎಂದರು. ನಾನು ಧೈರ್ಯ ಮಾಡಿ ಮಂಡೇ ಎಂದೆ. ‘ಯುವರ್ ಮದರ್ ಈಸ್ ಮಿಸ್ಟೇಕನ್, ಮೈ ಚೈಲ್ಡ್’ ಎಂದು ಮೃದುವಾಗಿ ತಲೆ ಸವರಿದರು. ರಜೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ಆ ಸಿಸ್ಟರ್ ಅಲ್ಲಿ ಇದ್ದಳೇನು? ಹಡದಾಕಿ ನಾ.”

ಹುಟ್ಟಿದ ವಾರ ಉಗುರು ಕತ್ತರಿಸಬಾರದು ಎಂಬುದು ಅವ್ವನ ಕಾನೂನು. ಹಾಸ್ಟೆಲ್ಲಿನಲ್ಲಿ ಕತ್ತರಿ ಕೈಗೆ ಕೊಡುವುದೂ ಉಗುರಿನ ಇನ್‌ಸ್ಪೆಕ್ಷನ್ನೂ ಸೋಮವಾರವೇ. ನನ್ನ ಕಾಂಡಕ್ಟ್ ಕಾಲಮ್ಮಿನಲ್ಲಿ ವರ್ಷವಿಡೀ ‘ಅನ್‌ಟೈಡಿ’ ಎಂದಿರುತ್ತಿತ್ತು. ಎರಡು ಸರ್ಕಾರಗಳ ನಡುವೆ ಬೆಳೆದ ಮಗು ಏನು ಮಾಡಬೇಕೋ ಅದನ್ನು ನಾನೂ ಮಾಡಿದೆ: ತಾರೀಖು ಕಚೇರಿಯದು, ವಾರ ಮನೆಯದು ಎಂದು ಹಂಚಿಕೊಂಡೆ. ತಾರೀಖು ನಡುರಾತ್ರಿ ಬದಲಾಗಲಿ, ಯಾರು ಬೇಡ ಅನ್ನುತ್ತಾರೆ. ವಾರ ಮಾತ್ರ ಬೆಳಗಾದ ಮೇಲೆ. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಬಹಳ ವರ್ಷ.

ತೊಂದರೆಯಾದದ್ದು ನಾನು ರಿಟೈರ್ ಆಗಿ, ತಲೆ ಬೆಳ್ಳಗಾಗಿ, ಕಂಪ್ಯೂಟರ್ ಜನರ ಸಹವಾಸ ಮಾಡಿದ ಮೇಲೆ. ಅದು ಆದ ರೀತಿ ಹೇಳುತ್ತೇನೆ.

ದೋರನಹಳ್ಳಿ ಕಡೆಯ ನೀರು ಬಳಕೆದಾರರ ಸಂಘಕ್ಕೆ ಮಲ್ಲಣ್ಣ ಎಂಬವನು ಸೆಕ್ರೆಟರಿ. ನನ್ನ ಇಂಗ್ಲಿಷಿನ ಮೇಲೆ ಅವನಿಗೆ ಕಾರಣವಿಲ್ಲದ ಗೌರವ. ಒಂದು ದಿನ ಫೋನ್ ಹಿಡಿದುಕೊಂಡು ಬಂದ. ಕಾಲುವೆಯ ನೀರು ಯಾರ ಹೊಲಕ್ಕೆ ಯಾವಾಗ ಎಂಬ ಪಾಳಿಯನ್ನು ಲೆಕ್ಕಹಾಕಿ ಎಲ್ಲರ ಮೊಬೈಲಿಗೂ ಮೆಸೇಜ್ ಕಳಿಸುವ ಒಂದು ಆ್ಯಪ್, ಪುಕ್ಕಟೆ ಸಿಕ್ಕಿದೆಯಂತೆ.

“ಬಾಯಾರ, ಇದು ಕನ್ನಡದಾಗ ಅದ ಅಂತಾರ. ಆದ್ರ ತಿಳಿವಲ್ದು ನೋಡ್ರಿ.”

ನೋಡಿದೆ. ‘ನಿಮ್ಮ ತಿರುವು ಸಮೀಪಿಸುತ್ತಿದೆ’ ಎಂದಿತ್ತು. ಟರ್ನ್ ಎಂಬುದನ್ನು ಯಂತ್ರವೊಂದು ಹಾಗೆ ಕನ್ನಡ ಮಾಡಿತ್ತು.

“ಇದನ್ನ ಓದಿ ನಮ್ಮ ಮಂದಿ ಎಲ್ಲಿ ಹೋಗಿ ನಿಂದರಬೇಕ್ರಿ? ಯಾದಗಿರಿ ರೋಡಿನ ತಿರುವಿಗೇನು?”

ಪರದೆಯ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿತ್ತು: ಇದು ಓಪನ್ ಸೋರ್ಸ್, ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಕಾಂಟ್ರಿಬ್ಯೂಷನ್ಸ್ ವೆಲ್‌ಕಮ್. ನನಗೆ ಕಾಂಟ್ರಿಬ್ಯೂಷನ್ ಎಂದರೆ ಕಾನ್ವೆಂಟಿನ ಬಾಗಿಲಲ್ಲಿದ್ದ ಬಡವರ ಡಬ್ಬಿ. ಕೆಳಗೆ ಓದಿದರೆ ಅವರು ಕೇಳುತ್ತಿದ್ದುದು ಅದಲ್ಲ. ಅನುವಾದ ಮಾಡಿ, ತಪ್ಪು ಕಂಡರೆ ಹೇಳಿ, ಕೋಡ್ ಬರೆಯಲು ಬರಬೇಕಾಗಿಲ್ಲ, ಎಂದಿತ್ತು. ಬರಬೇಕಾಗಿಲ್ಲ ಎಂದು ಬರೆದು ಕರೆಯುವ ಕೆಲಸವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ತಕ್ಷಣ ಕೂತು ಬರೆದೆ: ‘ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದ ಸಬ್ಜೆಕ್ಟ್ ಸೈಟೆಡ್ ಅಬವ್...’

ಉತ್ತರ ಬಂತು. ಬರೆದವರ ಹೆಸರಿನ ಜಾಗದಲ್ಲಿ ಒಂದು ಆಮೆಯ ಚಿತ್ರ. ಗಂಡೋ ಹೆಣ್ಣೋ, ಯಾವ ದೇಶವೋ, ಇವತ್ತಿಗೂ ಗೊತ್ತಿಲ್ಲ; ನಾನು ಆಮೆಯವರು ಎಂದುಕೊಂಡೆ, ಅವರೂ ಕೊನೆಯವರೆಗೆ ಸರ್ ಎಂದು ಕರೆಸಿಕೊಂಡರು. ‘ಹಾಯ್! ಥ್ಯಾಂಕ್ಸ್! ದಯವಿಟ್ಟು ಒಂದು ಇಶ್ಯೂ ಓಪನ್ ಮಾಡಿ’ ಎಂದಿದ್ದರು. ತಪ್ಪು ಕಂಡಿದ್ದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕುವುದಕ್ಕೆ ಅವರಲ್ಲಿ ಇಶ್ಯೂ ಎನ್ನುತ್ತಾರೆ. ನಮ್ಮ ಕಚೇರಿಯ ಅರ್ಜಿಗಳಲ್ಲಿ ‘ನೋ ಇಶ್ಯೂ’ ಎಂದರೆ ಮಕ್ಕಳಿಲ್ಲ ಎಂದರ್ಥ. ನಾನು ಮದುವೆಯಾಗದೆ ಉಳಿದವಳು. ಈ ವಯಸ್ಸಿನಲ್ಲಿ ನನಗೆ ಒಂದರ ಮೇಲೊಂದು ಇಶ್ಯೂಗಳಾದವು.

ಆ ಫಾರ್ಮಿನಲ್ಲಿ ಎರಡು ತಲೆಬರಹ. ಎಕ್ಸ್‌ಪೆಕ್ಟೆಡ್ ಬಿಹೇವಿಯರ್, ಆ್ಯಕ್ಚುಯಲ್ ಬಿಹೇವಿಯರ್. ಇರಬೇಕಾದ ನಡತೆ, ಇರುವ ನಡತೆ. ನನಗೆ ಉಗುರು ನೆನಪಾಯಿತು. ಆದರೆ ಈ ಸಲ ಕಾಲಮ್ ತುಂಬುವವಳು ನಾನು, ಕೈ ಚಾಚಿ ನಿಂತದ್ದು ಮಷೀನು. ಆ ಸುಖವನ್ನು ನಿಮಗೆ ಹೇಗೆ ವಿವರಿಸಲಿ.

ತಿರುವು ಪಾಳಿಯಾಯಿತು. ‘ಬಳಕೆದಾರನು ಅಸ್ತಿತ್ವದಲ್ಲಿಲ್ಲ’ ಎಂಬ ಭಯಂಕರ ವಾಕ್ಯ ‘ಈ ಹೆಸರು ಸಿಗಲಿಲ್ಲ’ ಎಂದಾಯಿತು; ಮೊದಲಿನದನ್ನು ಓದಿ ಒಬ್ಬ ಹಿರಿಯರು ತಾವು ತೀರಿಕೊಂಡಿದ್ದೇವೆ ಎಂದು ಸಂಘಕ್ಕೆ ಯಾರು ಸುದ್ದಿ ಕೊಟ್ಟರು ಎಂದು ಜಗಳಕ್ಕೆ ಬಂದಿದ್ದರು. ಹೊಸ ಆವೃತ್ತಿ ಬಂದಾಗಲೆಲ್ಲ ಆಮೆಯವರು ನನಗೆ ಮೊದಲು ಕಳಿಸುತ್ತಿದ್ದರು. ನಾನು ಒತ್ತಬಾರದ್ದನ್ನು ಒತ್ತುತ್ತಿದ್ದೆ. ಅದು ನನಗೆ ಹುಟ್ಟಿನಿಂದ ಬಂದ ಟ್ಯಾಲೆಂಟ್. ಅದಕ್ಕೆ ಟೆಸ್ಟಿಂಗ್ ಎಂಬ ಮರ್ಯಾದಸ್ಥ ಹೆಸರಿದೆ ಎಂದು ಅವರೇ ಹೇಳಿದ್ದು.

ಹೀಗೆ ಸುಖವಾಗಿದ್ದಾಗ ಶರಣಮ್ಮ ಬಂದಳು.

ಶರಣಮ್ಮನ ಪರಿಚಯ ಆ ಸೀಟಿ-ಢಮ್ ಕಾಲದ್ದು. ಅವಳು ಆಗ ಹರೆಯದ ಹುಡುಗಿ, ಕಾಲುವೆಯ ಮಣ್ಣು ಹೊರುವವರ ಗುಂಪಿನಲ್ಲಿದ್ದಳು. ನೀರು ಕುಡಿಯಲು ನಮ್ಮ ಕಚೇರಿಯ ಹರವಿಯ ಹತ್ತಿರ ಬಂದವಳು ಒಮ್ಮೆ, “ನಮ್ಮ ಹೊಲಕ್ಕ ನೀರ ಯಾವಾಗ ಬರ್ತದ್ರಿ ಬಾಯಾರ?” ಎಂದು ಕೇಳಿದ್ದಳು. ಆಗಷ್ಟೇ ಟೈಪ್ ಮಾಡಿದ ಕಾಗದದಲ್ಲಿ ಇದ್ದದ್ದನ್ನು ನಾನು ಹೇಳಿದೆ: ಮುಂದಿನ ವರ್ಷ. ಅವಳಿಗೆ ಮದುವೆಯಾಯಿತು, ಮಗಳಾದಳು, ಗಂಡ ತೀರಿಕೊಂಡ, ಮಗಳಿಗೂ ಮದುವೆಯಾಯಿತು. ಆಮೇಲೆ ನೀರು ಬಂತು. ಅಷ್ಟರಲ್ಲಿ ನನ್ನ ಹೆಸರು ಅವಳ ಬಾಯಲ್ಲಿ ‘ಮುಂದಿನ ವರ್ಷದ ಬಾಯಾರು’ ಎಂದು ಕಾಯಂ ಆಗಿತ್ತು.

ಅವಳ ಹೊಲ ದೋರನಹಳ್ಳಿಯ ಆಚೆ, ಮರಿಗಾಲುವೆಯ ಕಟ್ಟಕಡೆಗೆ. ಕಡೆಯ ಹೊಲಕ್ಕೆ ನೀರು ತಲುಪುವುದೇ ದೊಡ್ಡ ಮಾತು. ಅವಳ ಪಾಳಿಯಂತೂ ರಾತ್ರಿ ಮೂರಕ್ಕೆ. ಆ ಹೊತ್ತಿಗೆ ಹೊಲದಲ್ಲಿದ್ದು ನೀರು ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ನೀರೇನು ಕಾಯುವುದಿಲ್ಲ.

ಅವತ್ತು ಉರಿಬಿಸಿಲಲ್ಲಿ ಬಂದವಳು ಕರವಸ್ತ್ರದಲ್ಲಿ ಸುತ್ತಿದ ಫೋನನ್ನು ನನ್ನ ಮುಂದೆ ಇಟ್ಟಳು.

“ಬಾಯಾರ, ನಿಮ್ಮ ಮಷೀನ್ ನನ್ನ ನೀರ ತಿಂತು.”

“ನನ್ನ ಮಷೀನ್ ಎಲ್ಲಿ ಬಂತು ಶರಣಮ್ಮ?”

“ಅದರಾಗಿನ ಕನ್ನಡ ನಿಮ್ಮದು ಹೌದೋ ಅಲ್ಲೋ? ಮಲ್ಲಣ್ಣ ಹೇಳ್ಯಾನ. ನಿಮ್ಮ ಕನ್ನಡ ಅಂತನ, ಮಗಳು ಓದಿ ಹೇಳಿದ್ದನ್ನ ನಾ ನಂಬೀನಿ. ಉಳದವ್ರು ಗೇಟಿನಾಂವನ್ನ ಕೇಳಿ ಹೋಗ್ತಾರ.”

ಮೆಸೇಜ್ ಓದಿದೆ. ‘ನಿಮ್ಮ ಪಾಳಿ: ಮಂಗಳವಾರ, ರಾತ್ರಿ 3 ಗಂಟೆ.’ ನನ್ನದೇ ವಾಕ್ಯ. ಒಂದು ಅಕ್ಷರ ತಪ್ಪಿಲ್ಲ.

ಶರಣಮ್ಮ ಮಂಗಳವಾರ ಉಂಡು, ಸಲಿಕೆ ತಗೊಂಡು, ಹೊಲಕ್ಕೆ ಹೋಗಿ ಕೂತಿದ್ದಾಳೆ. ಮೂರು ಗಂಟೆಗೆ ಕಾಲುವೆ ಒಣಗಿತ್ತು. ಅವಳ ನೀರು ಹಿಂದಿನ ರಾತ್ರಿಯೇ ಬಂದು ಹೋಗಿತ್ತು. ಮಷೀನಿನ ಮಂಗಳವಾರ ಸೋಮವಾರದ ನಡುರಾತ್ರಿಗೆ ಶುರುವಾಗಿ ಮೂರಕ್ಕೆ ಅವಳನ್ನು ಹುಡುಕಿತ್ತು. ಅವಳ ಮಂಗಳವಾರ ಇನ್ನೂ ಹುಟ್ಟಿರಲಿಲ್ಲ. ಹಾಗೆ ಬಂದ ನೀರನ್ನು ಮೇಲಿನ ಹೊಲದ ಭೀಮರಾಯ ತನ್ನ ಕಡೆ ತಿರುಗಿಸಿಕೊಂಡಿದ್ದ. ಮಷೀನು ಶರಣಮ್ಮನ ಹೆಸರಿನ ಮುಂದೆ ‘ಗೈರು’ ಎಂದು ಹಾಕಿತ್ತು.

ಸಂಘದ ನಿಯಮ ಹೀಗಿತ್ತು: ಒಂದು ಹಂಗಾಮಿನಲ್ಲಿ ಎರಡು ಸಲ ಗೈರಾದವರ ಪಾಳಿ ಪಕ್ಕದ ಹೊಲದವರಿಗೆ. ಅಂದರೆ ಭೀಮರಾಯನಿಗೆ. ಹೊಲದಲ್ಲಿ ಮೆಣಸಿನಗಿಡ ಹೂವಿಗೆ ಬಂದಿತ್ತು. ಆದರೆ ಶರಣಮ್ಮನನ್ನು ಸುಡುತ್ತಿದ್ದುದು ಇನ್ನೊಂದು.

“ಶರಣಮ್ಮ ಮಲಗಿಬಿಟ್ಟಾಳ ಅಂತ ಊರ ತುಂಬ ಆಗ್ಯದ್ರಿ. ನೀರಿನ ಪಾಳಿಗಿ ಮಲಗಾಕಿ ನಾನು? ಈ ಕಾಲುವಿ ಮಣ್ಣ ಹೊತ್ತಾಕಿ ನಾ ಬಾಯಾರ. ನಾ ಮಲಗಿದ್ದಿಲ್ಲ.”

ಮಲ್ಲಣ್ಣನನ್ನು ಕರೆಸಿದೆ. ಅವನು ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟ.

“ಮಷೀನ್ ಸುಳ್ಳ ಹೇಳಂಗಿಲ್ರಿ. ಹನ್ನೆರಡು ಹೊಡದ್ರ ದಿನ ಬದಲಿ. ಜಗತ್ತಿನಾಗೆಲ್ಲ ಹಂಗ ಅದ.”

“ಯಾಂವ ಹೊಡೀತಾನೋ ಹನ್ನೆರಡು?” ಎಂದಳು ಶರಣಮ್ಮ. “ನಮ್ಮೂರಾಗ ಹೊಡಿಯಾಂವ ಯಾಂವ ಇಲ್ಲ. ಕೋಳಿ ಕೂಗ್ತದ, ಅದು ಗೊತ್ತದ ನನಗ.”

“ಹಂಗಾದ್ರ ಕೋಳಿಗಿ ಕೊಡಬೇಕಿತ್ತಬೇ ಮೊಬೈಲ.”

“ನಿನಗ ಕೊಡೂದಕ್ಕಿಂತ ಚಲೋ ಇತ್ತು.”

ಇಬ್ಬರಿಗೂ ಚಹಾ ಕೊಟ್ಟು ಕಳಿಸಿ ನಾನು ಇಶ್ಯೂ ಬರೆಯಲು ಕೂತೆ. ಇರಬೇಕಾದ ನಡತೆ: ನಡುರಾತ್ರಿ ದಾಟಿದ ಪಾಳಿಗೆ ಹಿಂದಿನ ದಿನದ ವಾರ ಹಾಕಬೇಕು. ಇರುವ ನಡತೆ: ಮರುದಿನದ ವಾರ ಹಾಕುತ್ತಿದೆ. ಆಮೆಯವರ ಉತ್ತರ ಬೇಗ ಬಂತು: ‘ವರ್ಕ್ಸ್ ಆ್ಯಸ್ ಇಂಟೆಂಡೆಡ್.’ ಹೀಗೇ ಇರಬೇಕೆಂದೇ ಮಾಡಿದ್ದು. ಕೆಳಗೆ ಒಂದು ಮುದ್ರೆ: ಕ್ಲೋಸ್ಡ್.

ಕಾನ್ವೆಂಟಿನಲ್ಲಿ ‘ದ ಮ್ಯಾಟರ್ ಈಸ್ ಕ್ಲೋಸ್ಡ್’ ಎಂದ ಮೇಲೆ ಉಸಿರು ಬಿಡುವಂತಿರಲಿಲ್ಲ. ಕಾಲುವೆ ಕಚೇರಿಯಲ್ಲಿ ಫೈಲ್ ಕ್ಲೋಸ್ ಆದರೆ ಅದು ಇಲಿಗಳ ಪಾಲು. ಇಲ್ಲಿ ಮಾತ್ರ ಆ ಮುದ್ರೆಯ ಪಕ್ಕದಲ್ಲೇ ಇನ್ನೊಂದು ಗುಂಡಿ ಇತ್ತು: ರೀಓಪನ್. ಮುಚ್ಚಿದ ಬಾಗಿಲಿನ ಮೇಲೆಯೇ ಬೀಗದ ಕೈ ನೇತುಹಾಕಿದ ಹಾಗೆ. ಯಾರಿಟ್ಟರೋ, ಅವರ ಹೊಟ್ಟೆ ತಣ್ಣಗಿರಲಿ. ಒತ್ತಿದೆ.

‘ಡಿಯರ್ ಸರ್, ಈ ಭಾಗದಲ್ಲಿ ನಡುರಾತ್ರಿ ಬದಲಾಗುವುದು ತಾರೀಖು. ವಾರವಲ್ಲ’ ಎಂದು ಶುರುಮಾಡಿದೆ. ನನ್ನ ಹುಟ್ಟಿದ ದಿನದ ಕಥೆ ಬರೆಯಲು ಹೋಗಿ, ಇದು ಮಷೀನಿನ ಜನರಿಗೆ ಬೇಡ ಎಂದು ಅಳಿಸಿದೆ. ಬದಲಿಗೆ ಯಾದಗಿರಿ ಸ್ಟೇಷನ್ನಿನ ಕಥೆ ಬರೆದೆ. ಕೊಂಕಲ್ಲಿನಲ್ಲಿದ್ದ ನನ್ನ ಸೋದರಮಾವ ಮಗಳ ಮದುವೆಗೆಂದು ದಿಬ್ಬಣದ ಅಷ್ಟೂ ಜನರಿಗೆ ರೈಲಿನ ಟಿಕೆಟ್ ಮಾಡಿಸಿದ್ದ. ರೈಲು ನಡುರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ. ಟಿಕೆಟ್ ಮೇಲಿದ್ದ ದಿನ ಎಲ್ಲರೂ ಉಂಡು, ಹೂವು ಮುಡಿದು, ಟ್ರಂಕು ಹಾಸಿಗೆ ಹೊತ್ತು ಸ್ಟೇಷನ್ನಿಗೆ ಹೋದರೆ, ನಿಮ್ಮ ಗಾಡಿ ನಿನ್ನೆ ರಾತ್ರಿಯೇ ಹೋಯಿತು ಎಂದರಂತೆ. ಮಾವ ಬಹಳ ವಿನಯದಿಂದ, ‘ನಿನ್ನೆ ರಾತ್ರಿ ನಿನ್ನೆಯ ಗಾಡಿ ಹೋಗಿರ್ತದ್ರಿ ಸಾಹೇಬ್ರ. ಇವತ್ತಿಂದು ಯಾವಾಗ?’ ಎಂದು ಕೇಳಿದನಂತೆ. ಕೊನೆಗೆ ಲಾರಿಯಲ್ಲಿ ಹೋದರು. ಮದುವೆಯ ಫೋಟೋದಲ್ಲಿ ನಮ್ಮ ಕಡೆಯವರೆಲ್ಲ ಸಿಮೆಂಟಿನ ಬಣ್ಣದಲ್ಲಿದ್ದಾರೆ.

ಇದನ್ನು ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಉತ್ತರವಿಲ್ಲ. ಆಮೆ ಚಿಪ್ಪಿನೊಳಗೆ ಹೋದಂತಿತ್ತು.

ಶರಣಮ್ಮನ ಮುಂದಿನ ಪಾಳಿ ಹತ್ತಿರ ಬಂತು. ಮತ್ತೆ ಮಂಗಳವಾರ ರಾತ್ರಿ ಮೂರು ಎಂದೇ ಮೆಸೇಜ್. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡಿದೆ.

“ಶರಣಮ್ಮ, ಪಾಳಿ ಇವತ್ತು.”

“ನಾಳೆ ಅಂತ ಬರದಾರಲ್ರಿ?”

“ಬರೆದದ್ದು ಬಿಡು. ಉಂಡು ಹೊರಡು.”



“ನೀವು ಮುಂದಿನ ವರ್ಷ ಅಂದು ನನ್ನ ಮುದುಕಿ ಮಾಡಿದವ್ರು. ನಿಮ್ಮ ಬಾಯಿ ನಂಬ್ಲೋ, ಮಷೀನ್ ನಂಬ್ಲೋ?”

“ಎರಡು ರಾತ್ರಿಯೂ ಹೋಗು ಹಂಗಾದರೆ.”

“ಹೌದು, ನನಗೇನ್ ಹೊಲದಾಗ ಮನಿ ಕಟ್ಟಿಸಿಕೊಟ್ಟೀರೇನ್ರಿ?” ಎಂದು ಫೋನ್ ಇಟ್ಟಳು. ಹೋಗುತ್ತಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಅನ್ನ ಮಾಡಿಕೊಂಡೆ. ಸರಿಯಾಗಿ ಸೇರಲಿಲ್ಲ.

ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಹಲೋ ಎನ್ನದೆ ಮೊದಲು ಫೋನನ್ನು ನೀರಿನ ಹತ್ತಿರ ಹಿಡಿದಳು. ಆಮೇಲೆ ಮಾತು.

“ಭೀಮರಾಯ ಸಲಿಕಿ ಹಿಡಕೊಂಡು ಬಂದಿದ್ದ್ರಿ, ನಾ ಇರಂಗಿಲ್ಲ ಅಂತ. ನನ್ನ ನೋಡಿ ಮಾರಿ ಸಣ್ಣದಾತು. ‘ಏನಬೇ, ಎದ್ದೀಯಲ್ಲ!’ ಅಂದ. ‘ಮಲಗಿದವ್ರು ಏಳ್ತಾರೋ’ ಅಂದೆ.”

ಎರಡನೆಯ ಗೈರು ಬೀಳಲಿಲ್ಲ. ಆದರೆ ಪ್ರತಿ ಪಾಳಿಗೂ ನಾನು ಫೋನ್ ಮಾಡುತ್ತ ಕೂರಲು ಆಗುತ್ತದೆಯೇ? ನನಗೂ ವಯಸ್ಸಾಗಿದೆ, ಮೊಳೆಯ ಗತಿ ನೋಡಿದಿರಲ್ಲ.

ಆಮೆಯವರು ತಲೆ ಹೊರಗೆ ಹಾಕಿದ್ದು ಆಮೇಲೆ. ಉದ್ದದ ಪತ್ರವೇನಲ್ಲ. ‘ನಿಮ್ಮ ಮಾವನ ಕಥೆ ಓದಿದೆ. ನಾನೂ ಒಮ್ಮೆ ಹೀಗೆಯೇ ವಿಮಾನ ತಪ್ಪಿಸಿಕೊಂಡಿದ್ದೇನೆ, ಯಾರಿಗೂ ಹೇಳಿರಲಿಲ್ಲ. ಕೋಡ್ ನಾನು ಬದಲಿಸುತ್ತೇನೆ. ವಾಕ್ಯ ನೀವು ಕೊಡಿ. ಚಿಕ್ಕದಿರಲಿ. ಕನ್ನಡದಲ್ಲಿ ಒಂದು ಮೆಸೇಜಿಗೆ ಹಿಡಿಸುವುದು ಸ್ವಲ್ಪ. ಉದ್ದವಾದರೆ ಎರಡು ತುಂಡಾಗಿ, ಬಾಲ ಮೊದಲು ಬಂದು ತಲೆ ಆಮೇಲೆ ಬರಬಹುದು.’

ಚಿಕ್ಕದಾಗಿ ಬರೆಯುವುದು ನನಗೆ ಹೊಸದಲ್ಲ. ಕಾಲುವೆ ಕಚೇರಿಯ ತಂತಿಗಳನ್ನೆಲ್ಲ ಬರೆಯುತ್ತಿದ್ದವಳು ನಾನು. ‘ಗೇಟ್ ಬ್ರೋಕನ್ ಸೆಂಡ್ ಫಿಟ್ಟರ್’ ಎಂದರೆ ಮುಗಿಯಿತು. ಆದರೆ ಗೇಟಿನ ವಿಷಯ ಬೇರೆ, ಸೋಮವಾರದ ವಿಷಯ ಬೇರೆ. ‘ಸೋಮವಾರ ತಡರಾತ್ರಿ, ಮಂಗಳವಾರದ ಸೂರ್ಯೋದಯಕ್ಕೆ ಪೂರ್ವದಲ್ಲಿ’ ಎಂದು ಬರೆದು ಶರಣಮ್ಮನಿಗೆ ಓದಿದೆ.

“ಇದೇನ್ರಿ, ರೇಡಿಯೋದಾಗ ಸತ್ತವ್ರ ಸುದ್ದಿ ಹೇಳಿದಂಗ?”

ಹೊಡೆದುಹಾಕಿ ‘ಸೋಮವಾರ ಉಂಡ ಮೇಲೆ, ರಾತ್ರಿ 3’ ಎಂದು ಬರೆದೆ. ಶರಣಮ್ಮ ಒಪ್ಪಿದಳು. ನನಗೂ ಬಹಳ ಹಿಡಿಸಿತು, ಕಳಿಸಿಯೂ ಬಿಟ್ಟೆ. ಆಮೆಯವರು ಕೇಳಿದರು: ಸೋಮವಾರ ಉಪವಾಸ ಇದ್ದವರು? ನಾನು ಬರೆದೆ: ಸರ್, ನಮ್ಮಲ್ಲಿ ಸೋಮವಾರ ಒಪ್ಪತ್ತು ಇರುವವರು ಉಣ್ಣುವುದೇ ರಾತ್ರಿ, ನೋ ಪ್ರಾಬ್ಲಮ್. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮಲ್ಲಣ್ಣ ಬಾಗಿಲಲ್ಲಿ ನಿಂತು ಕೆಮ್ಮಿದ.

“ರಂಜಾನ್‌ದಾಗ ಹ್ಯಾಂಗ್ರಿ ಬಾಯಾರ? ನಮ್ಮ ಸಂಘದಾಗ ಮುಸಲ್ಮಾನ ಮಂದಿನೂ ಅದಾರ. ಅವರು ಉಣ್ಣೂದು ನಸಿಕಿನಾಗ. ಉಂಡ ಮ್ಯಾಲ ಬಾ ಅಂದ್ರ ನೀರ ಊರ ದಾಟಿರ್ತದ.”

ಅವನ ಮಾತು ನಿಜವಾಗಿತ್ತು. ಅದಕ್ಕೇ ಸಿಟ್ಟು ಬಂತು. ಚೀಟಿಗಳ ಮೇಲೆ ಚೀಟಿ ಬರೆದೆ. ಮಲಗುವ ಮುಂಚೆ ಎಂದರೆ ಮಲಗುವ ಮಾತೇ ಬೇಡ ಎಂದಳು ಶರಣಮ್ಮ, ಅದು ಅವಳ ಗಾಯ. ಕೋಳಿ ಕೂಗುವ ಮುಂಚೆ ಎಂದರೆ, ಈಗಿನ ಕೋಳಿಗಳು ಲೈಟು ಹಾಕಿದಾಗಲೆಲ್ಲ ಕೂಗುತ್ತವೆ ಎಂದ ಮಲ್ಲಣ್ಣ. ಇಬ್ಬರೂ ನನ್ನ ಹಾಲು, ಚಹಾಪುಡಿ ಖಾಲಿ ಮಾಡುತ್ತ, ಒಬ್ಬರನ್ನೊಬ್ಬರು ಬೈಯುತ್ತ, ನನ್ನ ವಾಕ್ಯಗಳನ್ನು ಒಂದೊಂದಾಗಿ ಕೊಂದರು. ಕೊನೆಗೆ ನಾನು ಬೇಸತ್ತು ಬರೆದದ್ದು ಇದು:

‘ಪಾಳಿ: ಸೋಮವಾರ ರಾತ್ರಿ 3. ಬೆಳಗಾದರೆ ಮಂಗಳವಾರ.’

ಓದಿದೆ. ಶರಣಮ್ಮ ಲೋಟ ಕೆಳಗಿಟ್ಟಳು.

“ಹಾಂ. ಅಷ್ಟ ಅಲ್ಲೇನ್ರಿ. ಇಷ್ಟಕ್ಕ ಇಷ್ಟು ದಿನ ಬೇಕಾತು ನಿಮಗ?”

ಆಮೆಯವರು ಅದನ್ನು ಹಾಕಿದರು. ಹೊಸ ಆವೃತ್ತಿಯ ಜೊತೆಗೆ ಬಂದ ಬದಲಾವಣೆಗಳ ವಿವರದಲ್ಲಿ ನನ್ನ ಹೆಸರೂ ಇತ್ತು, ಕೋಡ್ ಬರೆದವರ ಸಾಲಿನಲ್ಲೇ. ಇಷ್ಟು ವರ್ಷದ ಸರ್ವಿಸಿನಲ್ಲಿ ಲಕ್ಷಾಂತರ ಸಾಲು ಟೈಪ್ ಮಾಡಿದ್ದೇನೆ, ಎಲ್ಲದರ ಕೆಳಗೂ ಬೇರೆಯವರ ಸಹಿ. ಇದೊಂದು ಅರ್ಧ ಸಾಲು ನನ್ನದು. ಅದರಲ್ಲೂ ಅರ್ಧ ಆ ಇಬ್ಬರ ಜಗಳದ್ದು.

ಉಳಿದದ್ದು ಆ ಹಳೆಯ ಗೈರು. ಅದನ್ನು ಅಳಿಸಿ ಎಂದು ಕೇಳಿದೆ. ಆಮೆಯವರು ಆಗುವುದಿಲ್ಲ ಎಂದರು. ‘ಒಮ್ಮೆ ಬಿದ್ದದ್ದನ್ನು ಯಾರೂ ಅಳಿಸಲಾಗದಂತೆ ಮಾಡಿದ್ದೇವೆ. ಅಳಿಸಲು ಬಿಟ್ಟರೆ ಮೊದಲು ಅಳಿಸುವವರು ಯಾರು, ನೀವೇ ಯೋಚಿಸಿ’ ಎಂದರು. ಭೀಮರಾಯನ ಮುಖ ಕಣ್ಣ ಮುಂದೆ ಬಂತು, ಆ ಮಾತು ಬಿಟ್ಟೆ. ಆದರೆ ಪ್ರತಿ ಗೈರಿನ ಪಕ್ಕ ಕಾರಣ ಬರೆಯಲು ಒಂದು ಜಾಗ ಇದೆ, ಸೆಕ್ರೆಟರಿ ಬರೆಯಬಹುದು ಎಂದೂ ಹೇಳಿದರು.

ಸಂಘದ ಕೋಣೆಯಲ್ಲಿ ನಾಲ್ಕು ಜನ ಸೇರಿದ ದಿನ ನಾನೂ ಹೋದೆ. ಮಲ್ಲಣ್ಣ ಒಂದೇ ಬೆರಳಿನಲ್ಲಿ ಒತ್ತಿದ. ಶರಣಮ್ಮ ಅವನ ಬೆನ್ನ ಹಿಂದೆ, ಓದಲು ಬರದಿದ್ದರೂ, ಕಣ್ಣು ಕೀಳದೆ ನಿಂತಿದ್ದಳು.

“ಓದು.”

“‘ಮೆಸೇಜಿನಲ್ಲಿ ವಾರ ತಪ್ಪಿತ್ತು.’ ಆತಲ್ಲ?”

“ನಾ ಮಲಗಿದ್ದಿಲ್ಲ ಅಂತ ಬರಿ.”

“ಅದೆಲ್ಲ ಯಾಕಬೇ, ಕಾರಣ ಬರದೀನಲ್ಲ.”

“ಬರೀ ಅಂದ್ರ ಬರಿ. ಗೈರು ಅಂತ ಬರದದ್ದು ಮಷೀನ್. ಇದನ್ನ ಮನಷ್ಯಾ ಬರೀಬೇಕು.”

ಅವನು ಬರೆದ: ‘ಶರಣಮ್ಮ ಮಲಗಿರಲಿಲ್ಲ.’ ಗಟ್ಟಿಯಾಗಿ ಓದಿದ. ಭೀಮರಾಯ ಮೂಲೆಯಿಂದ, “ಆತು ಬಿಡ್ರಿ, ಇನ್ನ ಆಕಿ ಮಲಗಿದ್ರೂ ನಾವು ಎಬ್ಬಸೋದು ಬ್ಯಾಡ” ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಗೈರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ತೀರ್ಮಾನವಾಯಿತು.

ಮರುವರ್ಷದ ಹಂಗಾಮಿಗೆ ಹೊಸ ಆವೃತ್ತಿಯನ್ನು ಟೆಸ್ಟ್ ಮಾಡುವಾಗ ಶರಣಮ್ಮನ ಹೊಲದ ಪಾಳಿಗೆ ಬೇರೆ ಹೆಸರು ಕಂಡಿತು, ಅವಳ ಮಗಳದ್ದು. ಮಷೀನು ತಪ್ಪಿದೆ ಎಂದು ಇಶ್ಯೂ ಬರೆಯಲು ಶುರುಮಾಡಿ, ಮೊದಲು ಮಲ್ಲಣ್ಣನಿಗೆ ಫೋನ್ ಮಾಡಿದೆ. ಮಷೀನು ತಪ್ಪಿರಲಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಅದಕ್ಕೆ ಹಿಂದಿನ ಹಂಗಾಮಿನ ಕೊನೆಗೆ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಯಾದಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ದೋರನಹಳ್ಳಿಯಲ್ಲಿ ಬಸ್ಸು ನಿಂತಿತು. ಇಳಿಹೊತ್ತು. ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಬುತ್ತಿಯ ಗಂಟು. ಕಿಟಕಿಯಲ್ಲಿ ನನ್ನನ್ನು ಕಂಡು ಹತ್ತಿರ ಬಂದಳು.

“ಈಗ ಬಂದ್ರೇನ್ರಿ? ಕಣ್ಣ ಹ್ಯಾಂಗ ಅದ?”

“ಮುಂದಿನ ವರ್ಷ ಆಪರೇಷನ್ ಅಂದಾರ.”

“ಮುಂದಿನ ವರ್ಷ!” ಎಂದು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. “ಆತು ಬಿಡ್ರಿ, ನಿಮಗೂ ಒಬ್ರು ಸಿಕ್ಕ್ರು.”

“ಇಷ್ಟು ಲಗೂ ಎಲ್ಲಿಗೆ ಹೊರಟೆ?”

“ಪಾಳಿ ಅದ್ರಿ ಇವತ್ತ.”

“ಮೆಸೇಜ್ ಬಂತೇನು?”

“ಬಂದಿರಬೇಕು. ಮಗಳ ಕೈಯಾಗ ಅದ ಫೋನ್.”

ಬಸ್ಸು ಹೊರಟಿತು. ರಸ್ತೆ ಸ್ವಲ್ಪ ದೂರ ಕಾಲುವೆಯ ಪಕ್ಕದಲ್ಲೇ ಹೋಗುತ್ತದೆ. ಅವಳು ಅದರ ಏರಿ ಹತ್ತಿ ನಡೆಯುವುದು ಕಾಣುತ್ತಿತ್ತು. ಮೂರು ಗಂಟೆಗೆ ಇನ್ನೂ ಇಡೀ ರಾತ್ರಿ ಇತ್ತು. ದಾರಿಯಲ್ಲಿ ಯಾರೋ ಕೂತು ಹೋಗೆಂದು ಕರೆದಿರಬೇಕು. ನಿಲ್ಲದೆ, ಸಲಿಕೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡು, ತಡವಾದವಳಂತೆ ಸರಸರನೆ ಹೋದಳು.